50 ಕೆ.ಜಿ. ನಾಯಿ, ಎಷ್ಟು ಕೆ.ಜಿ. ಹೊಣೆ?

ಕೇಂದ್ರ ಸರ್ಕಾರ 2024ರಲ್ಲಿ ಸುತ್ತೋಲೆ ಹೊರಡಿಸಿ ನಿಷೇಧಿಸಲು ಹೊರಟ 23 ತಳಿಗಳ ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು. ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಜನರ ಭಯ ರದ್ದಾಗಲಿಲ್ಲ. ಭಯಕ್ಕೆ ಕಾರಣ ಇದ್ದೇ ಇದೆ. ನಾವು ಬೆರಳು ತೋರಿಸುತ್ತಿರುವ ದಿಕ್ಕು ಮಾತ್ರ ತಪ್ಪು.

ಲಿಫ್ಟ್ ಮೂರನೇ ಮಹಡಿಯಲ್ಲಿ ನಿಲ್ಲುತ್ತದೆ. ಬಾಗಿಲು ಸರಿದರೆ ಒಳಗೊಂದು ಕಪ್ಪು ನಾಯಿ. ಅಗಲ ತಲೆ, ದಪ್ಪ ಕೊರಳು, ಎರಡೂ ಕಣ್ಣಿನ ಮೇಲೆ ಕಂದು ಚುಕ್ಕಿ. ಹೊರಗೆ ನಿಂತಿದ್ದ ತಾಯಿ ಮಗುವನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ‘ಏನೂ ಮಾಡಲ್ಲ ಮೇಡಂ, ತುಂಬಾ ಸಾಧು’ ಎನ್ನುತ್ತಾನೆ ಹಗ್ಗ ಹಿಡಿದ ಹುಡುಗ. ‘ನೀವು ಹೋಗಿ, ನಾವು ಆಮೇಲೆ ಬರ್ತೀವಿ’ ಎಂಬ ಉತ್ತರ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಸಂಜೆಗೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಪಕ್ಷ ಕಟ್ಟಿಕೊಳ್ಳುತ್ತವೆ. ಇಂಥ ತಳಿಯನ್ನು ಊರಿನಿಂದಲೇ ಓಡಿಸಬೇಕು ಎನ್ನುವವರು ಒಂದು ಕಡೆ. ಕೆಟ್ಟ ನಾಯಿ ಎಂಬುದೇ ಇಲ್ಲ, ಕೆಟ್ಟ ಮಾಲೀಕರಷ್ಟೇ ಇರುವುದು ಎನ್ನುವವರು ಇನ್ನೊಂದು ಕಡೆ.

ಎರಡೂ ವಾದಗಳಲ್ಲಿ ಸೋಮಾರಿತನವಿದೆ. ಮೊದಲನೆಯದು ತಳಿಯ ಹೆಸರನ್ನೇ ನಾಯಿಯ ಜಾತಕ ಎಂದು ನಂಬುತ್ತದೆ. ಎರಡನೆಯದು ನಾಯಿಯ ತೂಕವನ್ನೇ ಮರೆಯುತ್ತದೆ. ಬೆಳೆದ ಗಂಡು ರಾಟ್‌ವೀಲರ್ ಸುಮಾರು 50 ಕೆ.ಜಿ. ತೂಗುತ್ತದೆ, ಅದು ಒಂದು ಸಲ ತಪ್ಪಿದರೆ ಆಗುವ ಹಾನಿ ಪಾಮೆರೇನಿಯನ್ ಹತ್ತು ಸಲ ತಪ್ಪಿದರೂ ಆಗದು. ಹಾಗಾದರೆ ಹೊಣೆಯನ್ನು ಅಳೆಯಬೇಕಾದದ್ದು ನಾಯಿಯ ಗಾತ್ರದಿಂದ, ಪರೀಕ್ಷೆಗೆ ಕೂರಿಸಬೇಕಾದದ್ದು ಅದನ್ನು ಸಾಕಲು ಹೊರಟವರನ್ನು. ಈ ಮಾತಿಗೆ ಆಧಾರ ಆ ತಳಿಯ ಇತಿಹಾಸದಲ್ಲೂ ಇದೆ, ಈಚಿನ ಅಧ್ಯಯನಗಳಲ್ಲೂ ಇದೆ, ಅದರ ತವರಾದ ಜರ್ಮನಿಯ ಕಾನೂನುಗಳಲ್ಲೂ ಇದೆ.

ತವರಿನಿಂದಲೇ ಶುರು ಮಾಡೋಣ. ನೈರುತ್ಯ ಜರ್ಮನಿಯ ರೊಟ್ವೈಲ್ ಪಟ್ಟಣ ಕ್ರಿ.ಶ. 73ರ ಸುಮಾರಿಗೆ ರೋಮನ್ನರು ಕಟ್ಟಿದ ನೆಲೆ. ಮುಂದೆ ಅದು ದನದ ಸಂತೆಗೆ ಹೆಸರಾಯಿತು. ಮಾಂಸದ ವ್ಯಾಪಾರಿಗಳು ದನ ಹೊಡೆದುಕೊಂಡು ಬರಲು, ಮಾಂಸ ತುಂಬಿದ ಪುಟ್ಟ ಗಾಡಿ ಎಳೆಸಲು ಸಾಕಿದ ನಾಯಿಯೇ ಇದು. ವ್ಯಾಪಾರ ಮುಗಿಸಿ ಮರಳುವಾಗ ಹಣದ ಚೀಲವನ್ನು ಅದರ ಕೊರಳಿಗೇ ಕಟ್ಟುತ್ತಿದ್ದರಂತೆ. ಕತೆಯೋ ನಿಜವೋ, ಕೆಲಸದ ಸ್ವರೂಪವನ್ನಂತೂ ಅದು ಸರಿಯಾಗಿ ಹೇಳುತ್ತದೆ. ದನ ಕಾಯುವ ನಾಯಿ ಸಿಕ್ಕಸಿಕ್ಕಲ್ಲಿ ಬಾಯಿ ಹಾಕಿದರೆ ಮಾಂಸ ಹಾಳು, ಒಡೆಯನಿಗೆ ನಷ್ಟ. ಹಾಗಾಗಿ ಮೈಯಿಂದ ಒತ್ತಿ, ಭುಜದಿಂದ ನೂಕಿ, ಹೋರಿಯನ್ನು ದಾರಿಗೆ ತರುವ ನಾಯಿಗೇ ಬೆಲೆ. ತನ್ನ ಬಲವನ್ನು ಎಷ್ಟು ಬಳಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹಿಡಿತ ಅದರ ಕಸುಬಿನ ಭಾಗವಾಗಿತ್ತು.

ರೈಲು ಬಂತು, ದನಗಳು ರಸ್ತೆಯಲ್ಲಿ ನಡೆಯುವುದು ನಿಂತಿತು, ನಾಯಿಗೆ ಕೆಲಸ ಹೋಯಿತು. 1882ರಲ್ಲಿ ಹೈಲ್‌ಬ್ರಾನ್ ಪಟ್ಟಣದಲ್ಲಿ ನಡೆದ ಶ್ವಾನ ಪ್ರದರ್ಶನಕ್ಕೆ ಬಂದದ್ದು ಒಂದೇ ಒಂದು ರಾಟ್‌ವೀಲರ್, ಅದೂ ಹೇಳಿಕೊಳ್ಳುವಂತಿರಲಿಲ್ಲ. ತಳಿಯನ್ನು ಉಳಿಸಿದ್ದು ಪೊಲೀಸರು. 1910ರಲ್ಲಿ ಅದಕ್ಕೆ ಪೊಲೀಸ್ ನಾಯಿಯೆಂಬ ಮಾನ್ಯತೆ ಸಿಕ್ಕಿತು. 1921ರಲ್ಲಿ ಹುಟ್ಟಿದ ಜರ್ಮನಿಯ ರಾಟ್‌ವೀಲರ್ ಸಂಘ ಇಂದಿಗೂ ತಾಯಿ-ತಂದೆ ನಾಯಿಗಳ ಸೊಂಟದ ಕೀಲಿನ ಎಕ್ಸ್‌ರೇ ನೋಡಿ, ಸ್ವಭಾವ ಪರೀಕ್ಷೆ ಮಾಡಿದ ಮೇಲೆಯೇ ಮರಿ ಹಾಕಿಸಲು ಒಪ್ಪಿಗೆ ಕೊಡುತ್ತದೆ. ನಮ್ಮಲ್ಲಿ ಜಾಹೀರಾತು ನೋಡಿ, ಮುಂಗಡ ಕಳಿಸಿ, ಬುಟ್ಟಿಯಲ್ಲಿ ಬಂದ ಮರಿಯನ್ನು ಇಳಿಸಿಕೊಳ್ಳುವವರಿಗೆ ಅದರ ತಾಯಿಯ ಮುಖವೂ ಗೊತ್ತಿರುವುದಿಲ್ಲ.

ಕಸುಬು ಹೋದರೂ ಕಸುಬಿನ ಅಭ್ಯಾಸಗಳು ಉಳಿದವು. ಜನ ಈ ನಾಯಿಯನ್ನು ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲಿಯೇ. ರಾಟ್‌ವೀಲರ್ ಮನುಷ್ಯರಿಗೆ ಒರಗಿ ನಿಲ್ಲುತ್ತದೆ; ಪರಿಚಯವಿಲ್ಲದವರಿಗೆ ಅದು ಮೈಮೇಲೆ ಬಂದಂತೆ ಕಾಣುತ್ತದೆ. ಓಡುವ ಮಕ್ಕಳನ್ನು ಕಂಡರೆ ಮೈಯಿಂದ ನೂಕಿ ಗುಂಪುಗೂಡಿಸಲು ನೋಡುತ್ತದೆ. ನೆಲಕ್ಕೆ ಬಿದ್ದ ಮಗುವಿನ ಅಪ್ಪನಿಗೆ ಅದು ದಾಳಿ. ಹಾಯಾಗಿದ್ದಾಗ ಗಂಟಲಲ್ಲೇ ಗುಡುಗುಡು ಸದ್ದು ಮಾಡುವ ರಾಟ್‌ವೀಲರ್‌ಗಳೂ ಬಹಳ. ಕೇಳಿದವರಿಗೆ ಅದು ಗುರುಗುಟ್ಟಿದಂತೆ. ಇದರ ಮೇಲೆ ನಾವೇ ಒಂದು ತೊಡಕು ಹೆಚ್ಚಿಸಿದ್ದೇವೆ. ನಾಯಿಯ ಮನಸ್ಸು ತಿಳಿಯುವುದು ಬಹುಮಟ್ಟಿಗೆ ಬಾಲದಿಂದ. ಅಂದಕ್ಕೆಂದು ಅದನ್ನೇ ಕತ್ತರಿಸುತ್ತಾ ಬಂದೆವು. ಜರ್ಮನಿ 1998ರಲ್ಲಿ ಬಾಲ ಕತ್ತರಿಸುವುದನ್ನು ನಿಷೇಧಿಸಿತು. ನಮ್ಮಲ್ಲಿ ಮೋಟು ಬಾಲವಿಲ್ಲದಿದ್ದರೆ ‘ಅಸಲಿ’ ಅಲ್ಲ ಎನ್ನುವ ಗಿರಾಕಿಗಳು ಇನ್ನೂ ಇದ್ದಾರೆ.

ತೆರೆಯ ಮೇಲೆ, ಪುಟದ ಮೇಲೆ
*1976ರ ಹಾಲಿವುಡ್ ಚಿತ್ರ ‘ದಿ ಓಮೆನ್’ ರಾಟ್‌ವೀಲರ್ ಅನ್ನು ಸೈತಾನನ ಕಾವಲುಗಾರನನ್ನಾಗಿ ಮಾಡಿತು. ಹತ್ತು ವರ್ಷ ಕಳೆಯುವ ಮುನ್ನವೇ, 1985ರಲ್ಲಿ, ‘ಗುಡ್ ಡಾಗ್, ಕಾರ್ಲ್’ ಎಂಬ ಮಕ್ಕಳ ಚಿತ್ರಪುಸ್ತಕದಲ್ಲಿ ಅದೇ ತಳಿಯ ನಾಯಿ ಹಸುಗೂಸನ್ನು ಆಡಿಸುವ ದಾದಿಯಾಯಿತು. ಜನರ ನೆನಪಿನಲ್ಲಿ ಗಟ್ಟಿಯಾಗಿ ಕೂತದ್ದು ಯಾವುದು ಎಂದು ಕೇಳಬೇಕಿಲ್ಲ.*

ಈಗ ಸುತ್ತೋಲೆಗೆ ಬರೋಣ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಪತ್ರ ಬರೆದು, 23 ತಳಿಗಳ ಮಾರಾಟಕ್ಕೆ, ಮರಿ ಹಾಕಿಸುವುದಕ್ಕೆ ಪರವಾನಗಿ ಕೊಡಬೇಡಿ, ಈಗಾಗಲೇ ಮನೆಯಲ್ಲಿರುವವಕ್ಕೆ ಸಂತಾನಹರಣ ಮಾಡಿಸಿ ಎಂದಿತು. ಪಟ್ಟಿಯನ್ನು ಓದಿದರೆ ಅವಸರದ ಗುರುತು ಎದ್ದು ಕಾಣುತ್ತದೆ. ಜಪಾನಿನ ಟೋಸಾ ಎರಡು ಕಡೆ ಎರಡು ಹೆಸರಿನಲ್ಲಿದೆ. ‘ಟೆರಿಯರ್’ ಎಂದು ಇಡೀ ಕುಲವನ್ನೇ ಸೇರಿಸಲಾಗಿದೆ. ಅಕ್ಷರಶಃ ಓದಿದರೆ ಮಡಿಲಲ್ಲಿ ಕೂರುವ ಯಾರ್ಕ್‌ಶೈರ್ ಟೆರಿಯರ್ ಕೂಡ ಉಗ್ರ ಪ್ರಾಣಿ. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಸುತ್ತೋಲೆಯನ್ನು ರದ್ದುಗೊಳಿಸಿದರು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲ, ಸುತ್ತೋಲೆಗೆ ಆಧಾರವಾದ ಶಿಫಾರಸು ಕೊಟ್ಟ ಸಮಿತಿ ನಿಯಮದ ಪ್ರಕಾರ ರಚನೆಯಾಗಿಲ್ಲ ಎಂಬುದು ಮುಖ್ಯ ಕಾರಣ. ಅಂದರೆ ನ್ಯಾಯಾಲಯ ತಪ್ಪು ಕಂಡದ್ದು ನಡೆದ ರೀತಿಯಲ್ಲಿ; ಸರಿಯಾದ ದಾರಿಯಲ್ಲಿ ಮತ್ತೆ ಪ್ರಯತ್ನಿಸಲು ಸರ್ಕಾರಕ್ಕೆ ಅವಕಾಶ ಉಳಿಯಿತು. ಹಾಗಾಗಿ ತೀರ್ಪನ್ನು ರಾಟ್‌ವೀಲರ್‌ಗೆ ಸಿಕ್ಕ ಸದ್ವರ್ತನೆಯ ಪ್ರಮಾಣಪತ್ರ ಎಂದು ಕುಣಿದಾಡಿದವರು ಅದನ್ನು ಪೂರ್ತಿ ಓದಿದಂತಿಲ್ಲ.

ತೀರ್ಪು ಬಂದು ಒಂದು ತಿಂಗಳು ತುಂಬುವ ಮೊದಲೇ ಚೆನ್ನೈನ ಪಾಲಿಕೆ ಉದ್ಯಾನವೊಂದರಲ್ಲಿ, ಹಗ್ಗವಿಲ್ಲದೆ ಬಿಟ್ಟಿದ್ದ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಬಾಲಕಿಯ ಮೇಲೆರಗಿದವು. ಮರುವರ್ಷ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಇದೇ ತಳಿಯ ನಾಯಿ ನಾಲ್ಕು ತಿಂಗಳ ಕೂಸನ್ನು ಕೊಂದಿತು. ತಳಿ ನಿಷೇಧ ಕೇಳುವವರ ಕೈಯಲ್ಲಿರುವ ಅತಿ ಬಲವಾದ ಸಾಕ್ಷ್ಯ ಇದು. ಅದನ್ನು ಬದಿಗೆ ಸರಿಸಿ ಮಾತನಾಡುವಂತಿಲ್ಲ. ಅಮೆರಿಕದ ಲೆಕ್ಕವೂ ಅವರ ಪರವಾಗಿಯೇ ಇರುವಂತೆ ತೋರುತ್ತದೆ. 1979ರಿಂದ 1998ರವರೆಗೆ ಅಲ್ಲಿ ನಾಯಿಯಿಂದ ಸಂಭವಿಸಿದ ಸಾವುಗಳ ಪೈಕಿ ತಳಿ ಗೊತ್ತಿದ್ದ 238 ಪ್ರಕರಣಗಳನ್ನು ತಜ್ಞರು ಪರಿಶೀಲಿಸಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದ್ದದ್ದು ಪಿಟ್‌ಬುಲ್ ಮಾದರಿಯ ನಾಯಿಗಳು ಮತ್ತು ರಾಟ್‌ವೀಲರ್. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ರಾಟ್‌ವೀಲರ್‌ಗೇ ಮೊದಲ ಸ್ಥಾನ.

ಆದರೆ ಅದೇ ದಶಕದಲ್ಲಿ ಇನ್ನೇನು ನಡೆಯುತ್ತಿತ್ತು ಎಂದೂ ನೋಡಬೇಕು. ರಾಟ್‌ವೀಲರ್ ಅಮೆರಿಕದ ಫ್ಯಾಷನ್ ಆಗಿತ್ತು. ಅಲ್ಲಿನ ಕೆನೆಲ್ ಕ್ಲಬ್ಬಿನಲ್ಲಿ ಒಂದು ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ರಾಟ್‌ವೀಲರ್‌ಗಳು ನೋಂದಣಿಯಾದದ್ದುಂಟು. ಜನಪ್ರಿಯತೆಯಲ್ಲಿ ಎರಡನೇ ಸ್ಥಾನಕ್ಕೇರಿತ್ತು. ನಾಯಿಗಳು ಹೆಚ್ಚಿದ್ದಲ್ಲಿ ಪ್ರಕರಣಗಳೂ ಹೆಚ್ಚು ಎಂಬುದು ಸರಳ ಗಣಿತ. ಅದಕ್ಕಿಂತ ಮುಖ್ಯವಾದದ್ದು, ಬೇಡಿಕೆ ಏರಿದಾಗ ಎಂಥವರು ಮರಿ ಹಾಕಿಸಲು ಇಳಿಯುತ್ತಾರೆ, ಎಂಥವರು ಕೊಳ್ಳಲು ಬರುತ್ತಾರೆ ಎಂಬುದು. ಸ್ವಭಾವ ಪರೀಕ್ಷೆಯ ಗೊಡವೆಗೆ ಹೋಗದೆ ಹಿತ್ತಲಲ್ಲಿ ಮರಿ ಮಾಡಿಸಿದವರಿಂದ, ‘ನೋಡಿದರೆ ಜನ ಹೆದರಬೇಕು’ ಎಂದು ಬಯಸಿದವರ ಮನೆಗೆ ನಾಯಿ ಹೋಯಿತು. ಆ ಅಧ್ಯಯನ ಮಾಡಿದವರೇ ತಮ್ಮ ಅಂಕಿಗಳು ತಳಿ ನಿಷೇಧಕ್ಕೆ ಆಧಾರವಾಗುವುದನ್ನು ಒಪ್ಪಲಿಲ್ಲ.

ನಂತರದ ದಶಕದ ಸಾವುಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಆಳಕ್ಕೆ ಇಳಿಯಿತು. 2000ದಿಂದ 2009ರವರೆಗಿನ 256 ಪ್ರಕರಣಗಳಲ್ಲಿ ತಳಿ ಯಾವುದೆಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಶೇ 18ಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ಸ್ಪಷ್ಟವಾಗಿ ಗೊತ್ತಾದದ್ದು ಬೇರೆ ಸಂಗತಿಗಳು. ಶೇ 87ರಷ್ಟು ಪ್ರಕರಣಗಳಲ್ಲಿ ನಾಯಿಯನ್ನು ತಡೆಯಬಲ್ಲ ಗಟ್ಟಿ ವ್ಯಕ್ತಿ ಸ್ಥಳದಲ್ಲಿರಲಿಲ್ಲ. ಶೇ 84ರಲ್ಲಿ ನಾಯಿಗೆ ಸಂತಾನಹರಣವಾಗಿರಲಿಲ್ಲ. ಶೇ 76ರಲ್ಲಿ ಅದು ಮನೆಮಂದಿಯ ಒಡನಾಟವಿಲ್ಲದೆ, ಸರಪಳಿಯಲ್ಲೋ ಗೂಡಿನಲ್ಲೋ ಒಂಟಿಯಾಗಿ ಬೆಳೆದಿತ್ತು. ಐದರಲ್ಲಿ ನಾಲ್ಕು ಪ್ರಕರಣಗಳಲ್ಲಿ ಇಂಥ ನಾಲ್ಕು ಅಥವಾ ಹೆಚ್ಚು ಕಾರಣಗಳು ಒಟ್ಟಿಗೆ ಸೇರಿದ್ದವು. ಇವುಗಳಲ್ಲಿ ಬಹುಪಾಲು ಮನುಷ್ಯನ ಕೈಯಲ್ಲೇ ಇದ್ದವು.

ಹಾಗಾದರೆ ತಳಿಗೆ ಅರ್ಥವೇ ಇಲ್ಲವೇ? ಇದೆ, ನಾವು ಅಂದುಕೊಂಡಷ್ಟಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 18,385 ನಾಯಿಗಳ ಮಾಲೀಕರನ್ನು ಪ್ರಶ್ನಿಸಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಓದಿ, ಸ್ವಭಾವದ ವ್ಯತ್ಯಾಸಗಳಲ್ಲಿ ಸುಮಾರು ಶೇ 9ರಷ್ಟನ್ನು ಮಾತ್ರ ತಳಿಯಿಂದ ವಿವರಿಸಬಹುದು ಎಂದಿತು. ಉಳಿದದ್ದು ವಂಶ, ವಯಸ್ಸು, ಬೆಳೆದ ರೀತಿ, ಆ ನಾಯಿಯದೇ ಆದ ಗುಣ. ಅಂದಮೇಲೆ ‘ಕೆಟ್ಟ ನಾಯಿಯೇ ಇಲ್ಲ’ ಎನ್ನುವ ಪ್ರಾಣಿಪ್ರಿಯರ ಮಾತೂ ನಿಲ್ಲುವುದಿಲ್ಲ. ಅಂಜುಬುರುಕ ತಾಯಿಯ ಮರಿ ಅಂಜಿಕೆಯನ್ನು ಹೊತ್ತೇ ಹುಟ್ಟಬಹುದು. ಸೊಂಟದ ಕೀಲು ನೋಯುವ ನಾಯಿ ಮುಟ್ಟಿದರೆ ಸಿಡುಕಬಹುದು. ರಾಟ್‌ವೀಲರ್ ಅಪರಿಚಿತರ ಮುಂದೆ ಬಾಲ ಆಡಿಸಿಕೊಂಡು ಓಡುವ ಲ್ಯಾಬ್ರಡಾರ್ ಅಲ್ಲ; ಮೊದಲು ನಿಂತು ನೋಡುತ್ತದೆ. ‘777 ಚಾರ್ಲಿ’ ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಬಂದವರು ಇದರಿಂದಲೂ ಅದೇ ಸಲುಗೆಯನ್ನು ನಿರೀಕ್ಷಿಸಿದರೆ ನಿರಾಶರಾಗುತ್ತಾರೆ, ಕೆಲವೊಮ್ಮೆ ಅಪಾಯಕ್ಕೂ ಸಿಕ್ಕುತ್ತಾರೆ.

ಇಷ್ಟಾದರೂ ಈ ನಾಯಿಯ ಮುಂದಿನ ಬಾಳಿನ ಬಹುಭಾಗ ತೀರ್ಮಾನವಾಗುವುದು ಮರಿಯಾಗಿದ್ದಾಗಲೇ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ನಡೆಸಿ 1965ರಲ್ಲಿ ಪುಸ್ತಕವಾಗಿ ತಂದ ದೀರ್ಘ ಸಂಶೋಧನೆ, ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಯಾರನ್ನು, ಏನನ್ನು ಕಂಡಿತೋ ಅದನ್ನು ಜೀವನವಿಡೀ ಸಹಜವೆಂದು ತಿಳಿಯುತ್ತದೆ ಎಂದು ತೋರಿಸಿತು. ನಮ್ಮ ಮನೆಗಳಲ್ಲಿ ಈ ಅವಧಿ ಬಹುಪಾಲು ಪೋಲಾಗುತ್ತದೆ. ಲಸಿಕೆ ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂಬ ಸಲಹೆ ಸುಳ್ಳಲ್ಲ, ಪಾರ್ವೊ ರೋಗಕ್ಕೆ ಈ ತಳಿ ಹೆಚ್ಚು ತುತ್ತಾಗುತ್ತದೆ ಕೂಡ. ಆದರೆ ನೆಲಕ್ಕೆ ಬಿಡದೆ ಎತ್ತಿಕೊಂಡು ಓಡಾಡಬಹುದಲ್ಲ. ಕುಕ್ಕರಿನ ಸೀಟಿ, ಮಿಕ್ಸಿ, ಕಸದ ಆಟೋದ ಹಾಡು, ಹೆಲ್ಮೆಟ್ ತೆಗೆಯದೆ ಬರುವ ಡೆಲಿವರಿ ಹುಡುಗ, ಗ್ಯಾಸ್ ಸಿಲಿಂಡರ್ ಉರುಳಿಸುವವನು, ಊರುಗೋಲು ಹಿಡಿದ ಅಜ್ಜ, ಛತ್ರಿ, ಬುರ್ಖಾ, ಪಂಚೆ, ಶಾಲೆ ಬಿಟ್ಟ ಮಕ್ಕಳ ಗದ್ದಲ, ಇವೆಲ್ಲ ಆ ಕೆಲವೇ ವಾರಗಳಲ್ಲಿ ಅದರ ಕಣ್ಣಿಗೆ, ಕಿವಿಗೆ ಬೀಳಬೇಕು. ‘ಕಾವಲಿಗೆ ಬೇಕು, ಹೆಚ್ಚು ಜನರ ಬಳಕೆ ಆಗಬಾರದು’ ಎಂದು ಗೇಟಿನ ಪಕ್ಕ ಕಟ್ಟಿಹಾಕುವವರು ಪಡೆಯುವುದು ಕಾವಲುಗಾರನನ್ನಲ್ಲ. ಯಾರು ಕಳ್ಳ, ಯಾರು ನೆಂಟ ಎಂದು ಗೊತ್ತಾಗದೆ ಎಲ್ಲರಿಗೂ ಹೆದರುವ ಪ್ರಾಣಿಯನ್ನು. ಹೆದರಿದ 50 ಕೆ.ಜಿ. ನಾಯಿ ಅತಿ ಅಪಾಯಕಾರಿ.

ಪಳಗಿಸುವ ವಿಧಾನದಲ್ಲೂ ಹಳೆಯ ತಪ್ಪೊಂದು ಬೇರೂರಿದೆ. ದೊಡ್ಡ ನಾಯಿಗೆ ‘ಯಾರು ಯಜಮಾನ’ ಎಂದು ತೋರಿಸಬೇಕು, ನೆಲಕ್ಕೆ ಕೆಡವಿ ಒತ್ತಿ ಹಿಡಿಯಬೇಕು ಎಂದು ಹೇಳಿಕೊಡುವವರು ಈಗಲೂ ಇದ್ದಾರೆ. ಈ ನಂಬಿಕೆಯ ಬೇರು 1947ರಲ್ಲಿ ರುಡಾಲ್ಫ್ ಶೆಂಕಲ್ ಪ್ರಕಟಿಸಿದ, ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿದೆ. ತೋಳದ ಗುಂಪಿನ ‘ಆಲ್ಫಾ’, ಅಂದರೆ ಯಜಮಾನ, ಎಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಡೇವಿಡ್ ಮೀಚ್ ಅವರೇ ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ಗುಂಪೆಂದರೆ ಅಪ್ಪ-ಅಮ್ಮ-ಮಕ್ಕಳ ಸಂಸಾರ ಎಂದು ಆ ಕಲ್ಪನೆಯನ್ನು ಕೈಬಿಟ್ಟರು. 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ವರ್ತನೆಯ ತೊಂದರೆಯಿದ್ದ ನಾಯಿಗಳ ಮಾಲೀಕರನ್ನು ವಿಚಾರಿಸಿದಾಗ, ಹೊಡೆದು ಒದ್ದು ಮಾಡಿದವರಲ್ಲಿ ಶೇ 43 ಮಂದಿಗೆ, ಕೆಡವಿ ಒತ್ತಿದವರಲ್ಲಿ ಶೇ 31 ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಗುರುಗುಟ್ಟಿದ್ದಕ್ಕೆ ಏಟು ಕೊಡುವುದಂತೂ ಶುದ್ಧ ದಡ್ಡತನ. ಗುರುಗುಟ್ಟುವುದು ಎಚ್ಚರಿಕೆ. ಅದರ ಬಾಯಿ ಮುಚ್ಚಿಸಿದರೆ ಮುಂದಿನ ಸಲ ನಾಯಿ ಎಚ್ಚರಿಸದೆಯೇ ಕಚ್ಚುತ್ತದೆ.

ಒಳ್ಳೆಯ ಸುದ್ದಿಯೆಂದರೆ ಕೆಲಸದ ನಾಯಿಯಾದ್ದರಿಂದ ಇದಕ್ಕೆ ಕಲಿಯುವುದೆಂದರೆ ಇಷ್ಟ. ತಿಂಡಿ, ಹೊಗಳಿಕೆ, ಆಟ ಇವಿಷ್ಟರಿಂದಲೇ ಕೂರಲು, ಕಾಯಲು, ಬಾಯಲ್ಲಿದ್ದದ್ದನ್ನು ಬಿಡಲು, ಹಗ್ಗ ಜಗ್ಗದೆ ನಡೆಯಲು ಕಲಿಯುತ್ತದೆ. ಇದನ್ನು 12 ಕೆ.ಜಿ. ಇದ್ದಾಗ ಕಲಿಸಬೇಕು; 40 ಆದಮೇಲೆ ಜಗ್ಗಾಟದಲ್ಲಿ ಗೆಲ್ಲುವುದು ಅದೇ. ಬಾಯಿಕುಕ್ಕೆ ಹಾಕಿಸಿಕೊಳ್ಳುವುದನ್ನೂ ಮರಿಯಿದ್ದಾಗಲೇ ತಿಂಡಿಯ ಆಸೆ ತೋರಿಸಿ ರೂಢಿಸಬೇಕು. ಅದು ಶಿಕ್ಷೆಯ ಸಾಧನವಲ್ಲ. ಆಸ್ಪತ್ರೆಯಲ್ಲಿ, ಲಿಫ್ಟಿನಲ್ಲಿ, ಜಾತ್ರೆಯ ರಸ್ತೆಯಲ್ಲಿ ಎಲ್ಲರಿಗೂ ನೆಮ್ಮದಿ. ಎಷ್ಟೇ ಪಳಗಿದ್ದರೂ ಚಿಕ್ಕ ಮಗುವಿನ ಜತೆ ಒಂಟಿಯಾಗಿ ಬಿಡುವಂತಿಲ್ಲ. ಈ ಮಾತಿಗೆ ವಿನಾಯಿತಿಯೇ ಇಲ್ಲ.

ಮರಿ ತರುವ ಮುನ್ನ
*ಗಂಡು 61ರಿಂದ 68 ಸೆಂ.ಮೀ. ಎತ್ತರ, ಸುಮಾರು 50 ಕೆ.ಜಿ.; ಹೆಣ್ಣು 56ರಿಂದ 63 ಸೆಂ.ಮೀ., ಸುಮಾರು 42 ಕೆ.ಜಿ. ಬ್ರಿಟನ್ನಿನ ಪಶುವೈದ್ಯ ದಾಖಲೆಗಳ ಪ್ರಕಾರ ಆಯಸ್ಸು ಸರಾಸರಿ 9 ವರ್ಷ. ಮರಿಗೆ ಕ್ಯಾಲ್ಸಿಯಂ ಟಾನಿಕ್ ಸುರಿಯುವ ಅಭ್ಯಾಸ ದೊಡ್ಡ ತಳಿಗಳ ಎಲುಬಿಗೆ ಹಾನಿಕರ. ಬೇಗ ಬೆಳೆಸಬಾರದು, ದಪ್ಪಗಾಗಿಸಲೂಬಾರದು. ಕಪ್ಪು ದಟ್ಟ ಕೂದಲಿನ ಇದಕ್ಕೆ ಕಲಬುರಗಿ, ರಾಯಚೂರಿನ ಬೇಸಿಗೆ ಹಿಂಸೆ. ನಡಿಗೆ ಏನಿದ್ದರೂ ಬೆಳಕು ಹರಿಯುವ ಮುನ್ನ ಅಥವಾ ಕತ್ತಲಾದ ಮೇಲೆ.*

ಇಷ್ಟೆಲ್ಲ ಪಾಡು ಎಷ್ಟು ಜನರಿಂದ ಸಾಧ್ಯ, ಅದಕ್ಕಿಂತ ನಿಷೇಧಿಸುವುದೇ ಲೇಸಲ್ಲವೇ ಎಂದು ಕೇಳಬಹುದು. ನಿಷೇಧಿಸಿದವರ ಅನುಭವ ಕೇಳೋಣ. ಬ್ರಿಟನ್ 1991ರಲ್ಲಿ ನಾಲ್ಕು ಮಾದರಿಯ ನಾಯಿಗಳನ್ನು ನಿಷೇಧಿಸಿತು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿಲ್ಲದ ಎಕ್ಸ್‌ಎಲ್ ಬುಲ್ಲಿ ಎಂಬ ಹೊಸ ದೈತ್ಯ ತಲೆಯೆತ್ತಿ, ಸಾವುಗಳಾಗಿ, 2024ರ ಫೆಬ್ರುವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನೂ ವಿನಾಯಿತಿ ಪತ್ರವಿಲ್ಲದೆ ಸಾಕುವಂತಿಲ್ಲ ಎನ್ನಬೇಕಾಯಿತು. ಉಗ್ರ ನಾಯಿ ಬೇಕೆನ್ನುವವನು ಒಂದು ಹೆಸರು ಮುಚ್ಚಿದರೆ ಇನ್ನೊಂದನ್ನು ಹುಡುಕುತ್ತಾನೆ. ನೆದರ್ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು 2008ರಲ್ಲಿ ಕೈಬಿಟ್ಟಿತು. ರಾಟ್‌ವೀಲರ್‌ನ ತವರಲ್ಲೇ ಪಟ್ಟಿಗಳ ವಿಪರ್ಯಾಸ ನೋಡಿ: ಬವೇರಿಯಾದ ಪಟ್ಟಿಯಲ್ಲಿ ಅದು ಅಪಾಯಕಾರಿ, ರೊಟ್ವೈಲ್ ಪಟ್ಟಣವಿರುವ ಪಕ್ಕದ ಬಾಡನ್-ವುರ್ಟೆಂಬರ್ಗ್ ರಾಜ್ಯದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಗಡಿ ದಾಟಿದರೆ ನಾಯಿಯ ಗುಣ ಬದಲಾಗುತ್ತದೆಯೇ?

ಅದೇ ಜರ್ಮನಿಯ ಇನ್ನೆರಡು ರಾಜ್ಯಗಳಲ್ಲಿ ನಮಗೆ ಬೇಕಾದ ಮಾದರಿಯಿದೆ. ನಾರ್ತ್ ರೈನ್-ವೆಸ್ಟ್‌ಫಾಲಿಯಾ ತಳಿಪಟ್ಟಿಯನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಅದರ ಜತೆಗೆ, ಎತ್ತರ 40 ಸೆಂ.ಮೀ. ಅಥವಾ ತೂಕ 20 ಕೆ.ಜಿ. ಮುಟ್ಟುವ ಯಾವುದೇ ನಾಯಿಯ ಮಾಲೀಕ ತನಗೆ ನಾಯಿ ಸಾಕುವ ತಿಳಿವಳಿಕೆ ಇದೆಯೆಂದು ಪ್ರಮಾಣಪತ್ರ ತರಬೇಕು, ಮೈಕ್ರೋಚಿಪ್ ಹಾಕಿಸಬೇಕು, ಹಾನಿ ಪರಿಹಾರದ ವಿಮೆ ಮಾಡಿಸಬೇಕು ಎನ್ನುತ್ತದೆ. ಲೋವರ್ ಸ್ಯಾಕ್ಸನಿ ತಳಿಪಟ್ಟಿಯ ಗೋಜಿಗೇ ಹೋಗಿಲ್ಲ. ಅಲ್ಲಿ ಮೊದಲ ಸಲ ನಾಯಿ ಸಾಕುವವರು ತರುವ ಮುನ್ನ ಬರಹದ ಪರೀಕ್ಷೆ, ತಂದ ಒಂದು ವರ್ಷದೊಳಗೆ ನಾಯಿಯ ಜತೆ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಲಾರಿ ಓಡಿಸುವವನಿಗೆ ಬೇರೆ ಲೈಸೆನ್ಸ್ ಕೇಳುವ ನಾವು, ಲಾರಿಯ ಕಂಪನಿ ಯಾವುದೆಂದು ನೋಡಿ ಅದನ್ನು ನಿಷೇಧಿಸುವುದಿಲ್ಲವಲ್ಲ.

ಕೊನೆಯ ಆಕ್ಷೇಪ ನಮ್ಮದೇ ನೆಲದ್ದು, ಹಾಗಾಗಿ ತೂಕದ್ದು: ಇಲ್ಲಿ ನಾಯಿಯ ಪರವಾನಗಿಯನ್ನೇ ಬಹುತೇಕರು ಮಾಡಿಸುವುದಿಲ್ಲ, ಪರೀಕ್ಷೆ ಯಾರು ನಡೆಸುತ್ತಾರೆ? ನಿಜ. ಆದರೆ ಜಾರಿ ಮಾಡುವ ಶಕ್ತಿ ಇಲ್ಲವೆಂದಾದರೆ ನಿಷೇಧವನ್ನಾದರೂ ಯಾರು ಜಾರಿ ಮಾಡುತ್ತಾರೆ? ಎದುರಿಗಿರುವುದು ಮ್ಯಾಸ್ಟಿಫ್ ಮಿಶ್ರಣವೋ, ಮುಖ ದಪ್ಪವಿರುವ ಬೀದಿನಾಯಿಯೋ ಎಂದು ಪಾಲಿಕೆ ಸಿಬ್ಬಂದಿ ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ತಕ್ಕಡಿಯ ಮೇಲೆ ನಿಲ್ಲಿಸಿ, ಚಿಪ್ ಓದಿ, ಮಾಲೀಕನ ಕಾಗದ ಕೇಳುವುದು ಸುಲಭ. ನಾಯಿಯ ವಿಷಯದಲ್ಲಿ ಅಸಡ್ಡೆ ತೋರಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಇಲ್ಲವೇ ಎರಡೂ ಇದೆ, ಆದರೆ ಅದು ಬಳಕೆಗೆ ಬರುವುದು ಹೆಚ್ಚಾಗಿ ಕಚ್ಚಿದ ಮೇಲೆ. ಕಚ್ಚುವ ಮುನ್ನ ಕೈಹಿಡಿಯಬೇಕಾದದ್ದು 2017ರ ಶ್ವಾನ ತಳಿವೃದ್ಧಿ ಮತ್ತು ಮಾರಾಟ ನಿಯಮಗಳು. ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎರಡು ತಿಂಗಳು ತುಂಬದ ಮರಿಯನ್ನು ಮಾರುವಂತಿಲ್ಲ, ಮರಿಗೆ ಚಿಪ್ ಇರಬೇಕು ಎಂದು ಅವು ಈಗಾಗಲೇ ಹೇಳುತ್ತವೆ. ಮಾರುವವನನ್ನು ಇಷ್ಟು ಕಟ್ಟಿಹಾಕಿರುವ ಆ ನಿಯಮಗಳಿಗೆ, 20 ಕೆ.ಜಿ. ಮೀರಿ ಬೆಳೆಯುವ ಮರಿಯನ್ನು ಪ್ರಮಾಣಪತ್ರ ಇಲ್ಲದವರ ಕೈಗೆ ಕೊಡುವಂತಿಲ್ಲ ಎಂಬ ಒಂದು ಸಾಲನ್ನು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.